ಈಗಿನ ಪ್ರವಾಸದಲ್ಲಿ ಪ್ರಸಿದ್ಧ ತಾಣಗಳ ಪಾತ್ರವೇನು?

ಊರು ಬಿಟ್ಟು ಹೊರಡಲು ಜನರಿಗೆ ಒಂದು ನೆಪ ಬೇಕು. ಆ ನೆಪ ಕೊಡುವುದೇ ಪ್ರಸಿದ್ಧ ತಾಣದ ಮೊದಲ ಕೆಲಸ. ಹಂಪಿಯನ್ನೇ ನೋಡಿ. ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ 2017ರಿಂದ 50 ರೂಪಾಯಿ ನೋಟಿನ ಮೇಲಿದೆ. ಹಂಪಿಗೆ ಕಾಲಿಡದವರಿಗೂ ಅದು ಗೊತ್ತು. ಮೊದಲ ಸಲ ಬಂದವರು ನೇರ ಅಲ್ಲಿಗೇ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಆ ಒಂದು ರಥದ ಹೆಸರಿನಲ್ಲಿ ಹೊಸಪೇಟೆಯ ಲಾಡ್ಜು, ಆಟೊ, ಗೈಡ್, ಎಳನೀರಿನವರು ಎಲ್ಲರಿಗೂ ದುಡಿಮೆ ಸಿಗುತ್ತದೆ. ಬೆಳಿಗ್ಗೆ ಬಂದು ಸಂಜೆ ಹೊರಟರೆ ಅವರಿಗೆ ಉಳಿಯುವುದು ಕಡಿಮೆ. ಅದಕ್ಕೇ ಒಂದು ರಾತ್ರಿಯಾದರೂ ಉಳಿಯಿರಿ ಅಂತೀನಿ.

ಹೆಸರು ಬಂದಷ್ಟೂ ಒತ್ತಡವೂ ಜಾಸ್ತಿ. ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳನ್ನು ಬಂದವರೆಲ್ಲ ತಟ್ಟಿ ನಾದ ಕೇಳುತ್ತಿದ್ದರು. ಕಲ್ಲಾದರೂ ಎಷ್ಟು ಏಟು ತಾಳೀತು? ಈಗ ಅವನ್ನು ಮುಟ್ಟುವಂತಿಲ್ಲ. ನಮ್ಮ ಗಾಡಿಯನ್ನೂ ದೂರದಲ್ಲೇ ನಿಲ್ಲಿಸಿ, ಬ್ಯಾಟರಿ ಗಾಡಿಯಲ್ಲೋ ನಡೆದೋ ಹೋಗಬೇಕು. ಕಿರಿಕಿರಿ ಅನಿಸಬಹುದು, ಆದರೆ ಈ ನಿಯಮ ಬೇಕೇ ಬೇಕು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ, ಹತ್ತಿರದ ಸೇತುವೆ ಕಾಮಗಾರಿಯ ಕಾರಣಕ್ಕೆ 1999ರಲ್ಲಿ ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೂ ಹೋಗಿತ್ತು. ಹೊರಬಂದಿದ್ದು 2006ರಲ್ಲಿ.

ರಥ ನೋಡಿದ ಮೇಲೆ ಸುಮ್ನೆ ವಾಪಸ್ ಬರಬೇಡಿ. ಹೊಳೆಯಾಚೆ ಆನೆಗೊಂದಿ ಎಂಬ ಹಳೆಯ ಊರಿದೆ, ಈಚೆ ಹಂಪಿಯಲ್ಲೇ ಇಂದಿಗೂ ಪೂಜೆ ನಡೆಯುವ ವಿರೂಪಾಕ್ಷನ ಗುಡಿ ಇದೆ. ಬೆಳಗಿನ ಜಾವವೇ ಮಾತಂಗ ಬೆಟ್ಟ ಹತ್ತಿ; ಬಿಸಿಲೇರಿದ ಮೇಲೆ ಬಂಡೆ ಕಾದು ಕೂರಲಾಗುವುದಿಲ್ಲ.