ಕೊನೆಯ ಸ್ಥಾನದ ಜಿಲ್ಲೆ

‘ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ ಹತ್ತು ವರ್ಷ ಮೀರಿತು. ಅಲ್ಲಿಗೆ ವಿಶೇಷ ಅನುದಾನ ಹರಿಯುತ್ತಲೇ ಇದೆ. ಆದರೂ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ 2023ರಲ್ಲೂ ಕೊನೆ, 2024ರಲ್ಲೂ ಕೊನೆ. ಓದದವರಿಗಾಗಿ ಇನ್ನೆಷ್ಟು ಸುರಿಯಬೇಕು?’ – ಉಡುಪಿಯ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರವಿದು.

ಮಾನ್ಯರೇ, ಸಾರ್ವಜನಿಕರ ಹಣಕ್ಕೆ ಲೆಕ್ಕ ಕೇಳುವ ಹಕ್ಕು ನಿಮಗಿದೆ. ಕೊಠಡಿ ಕಟ್ಟಿಸುವುದರಲ್ಲಿ ಕಾಣುವ ಉತ್ಸಾಹ ಪಾಠ ಮಾಡಿಸುವುದರಲ್ಲಿ ಕಾಣುವುದಿಲ್ಲವೆಂಬುದನ್ನೂ ಒಪ್ಪುತ್ತೇನೆ. ಆದರೆ ‘ಓದದವರು’ ಎಂಬ ನಿಮ್ಮ ಮಾತನ್ನು ಮಾತ್ರ ಒಪ್ಪಲಾರೆ.

2024ರಲ್ಲಿ ಉಡುಪಿಯ ಫಲಿತಾಂಶ ಶೇ 94, ಯಾದಗಿರಿಯದು ಶೇ 50.59. ಆ ವರ್ಷ ಪರೀಕ್ಷೆ ಬರೆದ ಮಕ್ಕಳು ಮೂರು ವರ್ಷದವರಿದ್ದಾಗ ನಡೆದ 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಹೆಂಗಸರಲ್ಲಿ ಹತ್ತಕ್ಕೆ ಸುಮಾರು ಆರು ಮಂದಿಗೆ ಅಕ್ಷರ ಗೊತ್ತಿರಲಿಲ್ಲ. ಉಡುಪಿಯಲ್ಲಿ ಸಾಕ್ಷರತೆ ಆಗಲೇ ಶೇ 86 ದಾಟಿತ್ತು. ನೀವು ದಶಕಗಳ ಕಾಲ ಪಾಠ ಹೇಳಿದವರು; ಹೋಂವರ್ಕ್ ಪುಸ್ತಕವನ್ನು ತಿರುವಿ ನೋಡುವ ತಾಯಿಯಿದ್ದ ಮಗುವಿಗೂ ಇಲ್ಲದ ಮಗುವಿಗೂ ಇರುವ ಅಂತರವನ್ನು ನಿಮಗಿಂತ ಚೆನ್ನಾಗಿ ಬಲ್ಲವರಾರು?

ಈ ಅಂತರ ನಿನ್ನೆ ಮೊನ್ನೆಯದಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲೇ ನಿಮ್ಮ ಕರಾವಳಿಯ ಮಂಗಳೂರಿಗೆ ಬಂದು ಶಾಲೆ, ಅಚ್ಚುಕೂಟಗಳನ್ನು ಕಟ್ಟಿದರು. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಯಾದಗಿರಿಯ ಕಡೆ, ಶಾಲೆಯೇ ಅಪರೂಪವಾಗಿದ್ದ ಕಾಲದಲ್ಲಿ, ಕನ್ನಡದ ಮಗು ಮೇಲಿನ ತರಗತಿಗಳನ್ನು ಓದಬೇಕಿದ್ದರೆ ಉರ್ದುವಿನಲ್ಲಿ ಓದಬೇಕಿತ್ತು. ನೂರು ವರ್ಷ ಮೊದಲು ಹೊರಟವರ ಜೊತೆ ಓಟಕ್ಕೆ ನಿಲ್ಲಿಸಿ ‘ನೀನೇಕೆ ಹಿಂದೆ ಬಿದ್ದೆ’ ಎಂದು ಕೇಳುವುದು ಯಾವ ನ್ಯಾಯ?

ಕೆಲವು ವರ್ಷಗಳ ಹಿಂದೆ ಸುರಪುರ ತಾಲ್ಲೂಕಿನ ತಾಂಡಾವೊಂದರ ಶಾಲೆಗೆ ಹೋಗಿದ್ದೆ. ಮುಖ್ಯಗುರುಗಳು ಆರನೆಯ ತರಗತಿಯ ಹಾಜರಿ ಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟರು. ದೀಪಾವಳಿಯವರೆಗೆ ಸಾಲು ಸಾಲಾಗಿ ಹಾಜರಿ. ಆಮೇಲೆ ಅರ್ಧಕ್ಕೂ ಹೆಚ್ಚು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ ಗೈರು, ಪುಟದ ನಂತರ ಪುಟ. ತಂದೆತಾಯಿ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಗುಳೆ ಹೋದರೆ ಮಕ್ಕಳೂ ಬೆನ್ನಿಗೆ ಹೋಗುತ್ತಾರೆ. ‘ಇವರು ಬರೂದು ಯುಗಾದಿಗೆ ಸರ, ಅಷ್ಟೊತ್ತಿಗೆ ನಮ್ಮ ಸಾಲಿ ಮುಗದಿರ್ತದ್ರಿ’ ಎಂದರು ಅವರು. ಅಜ್ಜಿಯ ಬಳಿ ಉಳಿದಿದ್ದ ಹುಡುಗಿಯೊಬ್ಬಳು ಹತ್ತಿ ಬಿಡಿಸಿ ಗೀರುಬಿದ್ದ ಬೆರಳುಗಳಲ್ಲಿ ಬಳಪ ಹಿಡಿದು ಭಾಗಾಕಾರ ಮಾಡುತ್ತಿದ್ದಳು. ಅವಳ ಮನೆಮಾತು ಲಂಬಾಣಿ; ಕನ್ನಡವನ್ನು ಕಲಿತದ್ದೇ ಶಾಲೆಯಲ್ಲಿ. ಲೆಕ್ಕ ಸರಿಯಿತ್ತು. ಇವಳನ್ನು ‘ಓದದವಳು’ ಎನ್ನುತ್ತೀರಾ?

ಆದ್ದರಿಂದ ನನ್ನ ತಕರಾರು ಅನುದಾನದ ಮೇಲಲ್ಲ, ಅದು ಹೋಗುವ ದಾರಿಯ ಮೇಲೆ. ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ಊರಿನಲ್ಲೇ ಉಳಿಸಿಕೊಳ್ಳುವ ಹಾಸ್ಟೆಲುಗಳಿಗೆ, ಒಂದನೆಯ ತರಗತಿಗೆ ಕಾಯಂ ಶಿಕ್ಷಕರಿಗೆ ಹಣ ಬೇಕು. ನಾವು ಮಾಡುತ್ತಿರುವುದೇನು? ಒಂಬತ್ತು ವರ್ಷ ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತೂಗಿಸಿ, ಹತ್ತನೆಯ ವರ್ಷದ ಜನವರಿಯಲ್ಲಿ ವಿಶೇಷ ತರಗತಿ ನಡೆಸಿ, ಮೇ ತಿಂಗಳಲ್ಲಿ ಶಿಕ್ಷಕರಿಗೆ ನೋಟಿಸ್ ಕೊಡುತ್ತೇವೆ.

ಸ್ಥಾನಪಟ್ಟಿಯನ್ನು ಅಷ್ಟೊಂದು ನಂಬಲೂಬೇಡಿ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿಯೂ, ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಕುಸಿಯಿತು. ಹಿಂದಿನ ವರ್ಷ ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗವೂ ಜಾರಿತು. 2025ರಲ್ಲಿ ಕೊನೆಗೆ ನಿಂತದ್ದು ಕಲಬುರಗಿ, ಅಂದರೆ 2009ರ ಕೊನೆಯಲ್ಲಿ ಯಾದಗಿರಿ ಯಾವ ಜಿಲ್ಲೆಯಿಂದ ಬೇರೆಯಾಯಿತೋ ಅದೇ ಜಿಲ್ಲೆ.

ಪ್ರತಿ ವರ್ಷ ಮೇ ತಿಂಗಳಲ್ಲಿ ಆ ಪಟ್ಟಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದವರಲ್ಲಿ ನಾವೂ ಇದ್ದೇವೆ. ಮುಂದಿನ ವರ್ಷದಿಂದ ಈ ಪತ್ರಿಕೆಯಲ್ಲಿ ಅದು ಇರುವುದಿಲ್ಲ.

– ಸಂಪಾದಕ