2 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರಿಗೆ ಝಡ್‌ರ‍್ಯಾಮ್‌ನಿಂದ ಲಾಭವಿದೆಯೇ?

ಬದಿಯಡ್ಕ ಕಡೆಯ ನಿಮ್ಮ ಕನ್ನಡ ಮಾಧ್ಯಮ ಶಾಲೆಯ ಲ್ಯಾಬಿನಲ್ಲಿ ಲಿನಕ್ಸ್ ಇರುವ 2 ಜಿಬಿ ಕಂಪ್ಯೂಟರುಗಳು ಬ್ರೌಸರ್ ತೆರೆದರೆ ನಿಂತುಬಿಡುತ್ತವೆ, ಝಡ್‌ರ‍್ಯಾಮ್ ಹಾಕಿದರೆ ಹೊಸ ರ‍್ಯಾಮಿನ ಖರ್ಚು ಉಳಿದೀತೇ ಎಂದು ಕೇಳಿದ್ದೀರಿ ಮಾಷ್ಟ್ರೇ. ಬಹುಮಟ್ಟಿಗೆ ಉಳಿಯುತ್ತದೆ, ಧೈರ್ಯವಾಗಿ ಹಾಕಿ.

ರ‍್ಯಾಮ್ ತುಂಬಿದಾಗ ಕರ್ನಲ್ (ಲಿನಕ್ಸಿನ ತಿರುಳಾದ ತಂತ್ರಾಂಶ) ಸದ್ಯಕ್ಕೆ ಬೇಡದ 4 ಕೆಬಿ ಪುಟಗಳನ್ನು, ಅಂದರೆ ನೆನಪಿನ ತುಣುಕುಗಳನ್ನು, ಹಾರ್ಡ್ ಡಿಸ್ಕಿಗೆ ಸಾಗಿಸುತ್ತದೆ. ಅಲ್ಲಿಂದ ಒಂದು ಪುಟ ಮರಳಿ ತರಲು ಹಲವು ಮಿಲಿಸೆಕೆಂಡು ಬೇಕು. ಮಕ್ಕಳು ಮೌಸ್ ಒತ್ತಿ ಕಾಯುವುದು ಇದಕ್ಕೇ. ಝಡ್‌ರ‍್ಯಾಮ್ ಆ ಪುಟಗಳನ್ನು ಕುಗ್ಗಿಸಿ ರ‍್ಯಾಮಿನಲ್ಲೇ ಇಡುತ್ತದೆ. ಬಿಡಿಸಲು ಮೈಕ್ರೋಸೆಕೆಂಡುಗಳು ಸಾಕು. ಸಾಮಾನ್ಯವಾಗಿ ಗಾತ್ರ ಅರ್ಧಕ್ಕೋ ಮೂರರಲ್ಲಿ ಒಂದು ಪಾಲಿಗೋ ಇಳಿಯುತ್ತದೆ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿರುವ ಕನ್ನಡ ಪಠ್ಯವಂತೂ ಚೆನ್ನಾಗಿ ಕುಗ್ಗುತ್ತದೆ: ಒಂದೊಂದು ಸಂಕೇತಕ್ಕೂ 3 ಬೈಟ್, ಅದರಲ್ಲಿ ಮೊದಲನೆಯದು ಯಾವಾಗಲೂ ಒಂದೇ.

ಜೆಪೆಗ್ ಚಿತ್ರ, ವಿಡಿಯೋ ಮೊದಲೇ ಕುಗ್ಗಿರುತ್ತವೆ, ಅಲ್ಲಿ ಏನೂ ಸಿಗದು. ಪ್ರೊಸೆಸರಿಗೆ ಸ್ವಲ್ಪ ಕೆಲಸ ಹೆಚ್ಚುತ್ತದೆ. ತೀರಾ ಹಳೆಯದಾದರೆ ಕುಗ್ಗಿಸುವ ಹಗುರ ವಿಧಾನವಾದ ಎಲ್‌ಝಡ್4 ಆರಿಸಿ.

2014ರ ಲಿನಕ್ಸ್ 3.14ರಿಂದ ಝಡ್‌ರ‍್ಯಾಮ್ ಕರ್ನಲ್‌ನಲ್ಲೇ ಇದೆ, ದುಡ್ಡು ಬೇಡ. ರ‍್ಯಾಮಿನ ಅರ್ಧದಷ್ಟು ಗಾತ್ರ ಕೊಟ್ಟು ಶುರುಮಾಡಿ. ಝಡ್‌ರ‍್ಯಾಮ್‌ಸಿಟಿಎಲ್ (zramctl) ಎಂಬ ಆದೇಶ ಕೊಟ್ಟರೆ ಮೂಲ ಗಾತ್ರ, ಕುಗ್ಗಿದ ಗಾತ್ರ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ.