ಹಳೆ ಸ್ಮಶಾನದ ದುರಸ್ತಿಗೆ ಹಣ ಕೂಡಿಸಲು ಅಲ್ಲೇ ದೆವ್ವದ ನಾಟಕ ಆಡಬಹುದಾ?

ಸಮಾಧಿ ಕಲ್ಲುಗಳನ್ನು ಸರಿಪಡಿಸಲು ದುಡ್ಡು ಬೇಕು, ಅದಕ್ಕೆ ಒಂದು ಹಳೆ ದೆವ್ವದ ಕಥೆ ಆಡೋಣ ಅಂತಿದ್ದೀರಿ. ಯಾವ ಕಥೆ ಆರಿಸಲಿ, ಸತ್ತವರಿಗೆ ಅಗೌರವ ಆಗುವುದಿಲ್ವಾ ಅಂತ ಕೇಳಿದ್ದೀರಿ. ನಮ್ಮ ತಂಡ ಇದನ್ನು ಎರಡು ವರ್ಷ ಮಾಡಿದೆ. ಖಂಡಿತ ಮಾಡಿ. ಆದರೆ ಹೆದರಿಸುವ ಕೆಲಸ ಕಥೆಗೆ ಬಿಡಿ, ಅಲ್ಲಿ ಮಲಗಿದವರನ್ನು ಅದಕ್ಕೆ ಬಳಸಬೇಡಿ.

ನಾವು ಮೊದಲ ವರ್ಷ ಎಡವಿದ್ದೇ ಅಲ್ಲಿ. ಬಿಳಿ ಬಟ್ಟೆ ಹೊದ್ದ ಹುಡುಗ ಒಂದು ಸಮಾಧಿಯ ಹಿಂದಿನಿಂದ ಎದ್ದು ಬರುವ ಹಾಗೆ ಮಾಡಿದ್ದೆವು. ಜನ ಕಿರುಚಿದರು, ನಕ್ಕರು, ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಅದು ಎರಡು ವರ್ಷದ ಮಗುವಿನ ಕಲ್ಲು. ಹೆಸರಿನ ಮೇಲೆ ಪುಟ್ಟ ಕುರಿಮರಿ ಕೆತ್ತಿದ್ದರು, ಮಳೆಗೆ ಸವೆದು ಅದರ ಮುಖವೇ ಉಳಿದಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುವರ್ಷ ಇಂಗ್ಲಿಷ್ ಲೇಖಕ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಅವರ 'ದಿ ಮಂಕೀಸ್ ಪಾ' ತೆಗೆದುಕೊಂಡೆವು, 1902ರ ಕಥೆ. ಒಣಗಿದ ಮಂಗನ ಕೈ ಮೂರು ವರ ಕೊಡುತ್ತದೆ, ತಂದೆ 200 ಪೌಂಡ್ ಕೇಳುತ್ತಾನೆ, ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರವಾಗಿ ಸರಿಯಾಗಿ ಅಷ್ಟೇ ಹಣ ಮನೆಗೆ ಬರುತ್ತದೆ. ಆಮೇಲೆ ತಾಯಿ ಹಟ ಹಿಡಿದು ಮಗನನ್ನೇ ವಾಪಸ್ ಕೇಳಿಸುತ್ತಾಳೆ. ರಾತ್ರಿ ಬಾಗಿಲು ಬಡಿಯುತ್ತದೆ. ಬಾಗಿಲ ಆಚೆ ಏನಿತ್ತು ಅಂತ ಕಥೆ ತೋರಿಸುವುದೇ ಇಲ್ಲ. ಹಾಗಾಗಿ ಒಂದು ಮೇಜು, ಒಂದು ದೀಪ, ಚಿಲಕವಿರುವ ಒಂದು ಬಾಗಿಲು ಸಾಕು. ಸದ್ದಿಗೆ ಸ್ಪೀಕರ್ ಬೇಡ ಅಂದೆವು. ನಮ್ಮಲ್ಲೊಬ್ಬಳು ಪ್ರೇಕ್ಷಕರ ಹಿಂದೆ ಕತ್ತಲಲ್ಲಿ ಕೂತು ಮರದ ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದಳು, ಮೊದಲು ಕೇಳಿಯೂ ಕೇಳದ ಹಾಗೆ. ಮೂರನೇ ಸಲ ಬಡಿದಾಗ ಇಡೀ ಸಭೆ ತಿರುಗಿ ನೋಡಿತು. ಮಗನನ್ನು ಕಳೆದುಕೊಂಡ ಮನೆಯ ಕಥೆ ಅದು. ಆ ಜಾಗಕ್ಕೆ ಅದಕ್ಕಿಂತ ಹೊಂದುವ ಕಥೆ ನನಗಂತೂ ಸಿಕ್ಕಿಲ್ಲ.

ಜೇಕಬ್ಸ್ ತೀರಿಕೊಂಡದ್ದು 1943ರಲ್ಲಿ. ಲೇಖಕರು ಸತ್ತು 60 ಅಥವಾ 70 ವರ್ಷಕ್ಕೆ ಹಕ್ಕು ಮುಗಿಯುವ ದೇಶಗಳಲ್ಲಿ ಮೂಲ ಕಥೆಗೆ ಯಾರ ಅನುಮತಿಯೂ ಬೇಡ. ಈಚೆಗೆ ಯಾರೋ ಮಾಡಿದ ಅನುವಾದ ಅಥವಾ ರಂಗರೂಪ ಎತ್ತಿಕೊಂಡರೆ ಮಾತ್ರ ಅವರನ್ನು ಕೇಳಲೇಬೇಕು. ನಟರು ಸಿಗದಿದ್ದರೆ ಸುಮ್ನೆ ಓದಿ, ಅದೂ ಚೆನ್ನಾಗಿರುತ್ತದೆ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ತಮ್ಮ ದೆವ್ವದ ಕಥೆ 'ಎ ಕ್ರಿಸ್ಮಸ್ ಕ್ಯಾರಲ್' ಅನ್ನು 1853ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನರ ಮುಂದೆ ಓದಿದ್ದು ಕೂಡ ಒಂದು ಸಂಸ್ಥೆಗೆ ಹಣ ಕೂಡಿಸಲೇ.

ಜನರನ್ನು ದಾರಿಯಲ್ಲೋ ಖಾಲಿ ನೆಲದಲ್ಲೋ ಕೂರಿಸಿ, ಸಮಾಧಿಗಳ ನಡುವೆ ಬೇಡವೇ ಬೇಡ. ಹಳೆ ಕಲ್ಲು ನೋಡಲು ಗಟ್ಟಿ, ಬುಡ ಸಡಿಲವಾಗಿರುತ್ತದೆ, ಒರಗಿದರೆ ಉರುಳುತ್ತದೆ. ಹಾಗೆ ಬಿದ್ದ ಕಲ್ಲಿನಡಿ ಮಕ್ಕಳು ಸತ್ತದ್ದಿದೆ. ಹಗಲಲ್ಲೇ ನಡೆದು ನೋಡಿ ಕುಸಿದ ಕುಳಿಗಳ ಸುತ್ತ ಹಗ್ಗ ಕಟ್ಟಿ. ಕಲ್ಲಿನ ಮೇಲೆ ಮೇಣದಬತ್ತಿ ಇಡಬೇಡಿ, ಕಲೆ ಹೋಗುವುದಿಲ್ಲ.

ಟಿಕೆಟ್ ಮಾರುವ ಮೊದಲೇ ಯಾವ ಕಲ್ಲಿಗೆ ಹಣ ಅಂತ ನಿರ್ಧರಿಸಿ, ಅದರ ಫೋಟೊ ಟಿಕೆಟ್ ಹಿಂದೆ ಹಾಕಿ. ಮತ್ತೆ ದಯವಿಟ್ಟು ಉತ್ಸಾಹಕ್ಕೆ ಬಿದ್ದು ನೀವೇ ಉಜ್ಜಲು ಹೋಗಬೇಡಿ! ಬ್ಲೀಚ್, ತಂತಿ ಬ್ರಷ್, ಪ್ರೆಷರ್ ವಾಷರ್ ಮೂರೂ ಹಳೆ ಕಲ್ಲನ್ನು ತಿನ್ನುತ್ತವೆ. ಸಿಮೆಂಟಿನಿಂದ ಜಾಸ್ತಿ ಹಾಳಾಗುತ್ತದೆ, ಏಕೆಂದರೆ ಅದು ಮೆತ್ತನೆ ಕಲ್ಲಿಗಿಂತ ಗಟ್ಟಿ, ನೀರಿನ ಪಸೆ ಹೊರಹೋಗಲು ಬಿಡುವುದಿಲ್ಲ, ಕೊನೆಗೆ ಒಡೆಯುವುದು ಕಲ್ಲೇ. ಸುಣ್ಣದ ಗಾರೆ ಗೊತ್ತಿರುವ ಕಲ್ಲುಕೆಲಸದವರನ್ನು ಹುಡುಕಿ.

ನಾವು ಮೊದಲು ನಿಲ್ಲಿಸಿದ್ದು ಆ ಮಗುವಿನ ಕಲ್ಲನ್ನೇ. ಕುರಿಮರಿಯ ಮುಖ ಮತ್ತೆ ಕೆತ್ತಿಸೋಣ ಅಂತ ಕೆಲವರು ಅಂದರು. ಕೆತ್ತಿದರೆ ಉಳಿದ ಹಳೆ ಪದರವೂ ಹೋಗುತ್ತದೆ ಅಂದರು ಕೆಲಸದವರು. ಹಾಗೇ ಬಿಟ್ಟೆವು.